ಹುಗ್ಗಿಯ ಗೋಧಿ, ತಣ್ಣನೆಯ ಪಾಸ್ತಾ

ರಸ್ಸಾವನ್ನು ತಾಂಬಡಾ, ಪಾಂಢರಾ ಎಂದು ಎರಡು ಬಣ್ಣಕ್ಕೆ ಹಂಚಿಟ್ಟ ಕೊಲ್ಹಾಪುರ ಪಾಸ್ತಾವನ್ನೂ ಹಾಗೆಯೇ ಹಂಚಿಕೊಂಡಿದೆ. ರಾಜಾರಾಮಪುರಿಯ ಓಣಿಗಳಲ್ಲಿ ಯಾವ ಕೆಫೆ ಹೊಕ್ಕರೂ ಕೇಳುವುದು ಒಂದೇ ಮಾತು: ರೆಡ್ ಸಾಸೋ, ವೈಟ್ ಸಾಸೋ? ಎರಡೂ ಹಬೆಯಾಡುತ್ತ ಬರುತ್ತವೆ, ಎರಡರ ಮೇಲೂ ಚೀಸ್ ಸುರಿದಿರುತ್ತದೆ. ಸಾಸೇ ಇಲ್ಲದ, ತಣ್ಣಗೆ ತಿನ್ನುವ ಮೂರನೆಯ ಬಗೆಯೊಂದಿದೆ ಎಂದರೆ ‘ನಿನ್ನೆ ಉಳಿದದ್ದಾ?’ ಎಂದು ಕೇಳುವವರಿದ್ದಾರೆ. ಬಿಸಿಲು ಏರುತ್ತಿದೆ, ಒಲೆಯ ಮುಂದೆ ನಿಲ್ಲಲು ಯಾರಿಗೂ ಮನಸ್ಸಿಲ್ಲ. ಈ ವಾರ ಆ ಮೂರನೆಯದರ ವಿಚಾರ.

ಇಟಲಿಯವರು ಇದನ್ನು ‘ಇನ್ಸಲಾತಾ ದಿ ಪಾಸ್ತಾ’ ಎನ್ನುತ್ತಾರೆ. ಬೆಳಗಿನ ತಂಪು ಹೊತ್ತಿನಲ್ಲಿ ಬೇಯಿಸಿ, ಬಸಿದು, ಆರಿಸಿ, ಟೊಮೆಟೊ, ಆಲಿವ್, ಬೇಸಿಲ್ ಎಲೆ, ಒಂದಿಷ್ಟು ಚೀಸ್ ಕೂಡಿಸಿ ಎಣ್ಣೆ ಹಾಕಿ ಕಲಸಿದರೆ ಮಧ್ಯಾಹ್ನ ಒಲೆ ಹೊತ್ತಿಸುವ ಕೆಲಸವಿಲ್ಲ. ಡಬ್ಬಿಗೆ ತುಂಬಿಕೊಂಡು ಸಮುದ್ರದ ದಂಡೆಗೆ ಹೋಗುವುದು ಅಲ್ಲಿಯ ಬೇಸಿಗೆಯ ರೂಢಿ. ಆಗಸ್ಟ್ 15 ಅವರಿಗೂ ರಜೆ, ಫೆರ್ರಾಗೋಸ್ತೊ ಎಂಬ ಹಬ್ಬ; ಆ ದಿನದ ಬುತ್ತಿಯಲ್ಲಿ ಇದು ಸಾಮಾನ್ಯ. ನಮಗೆ ಆಗಸ್ಟ್ ಎಂದರೆ ಪಂಚಗಂಗೆ ತುಂಬಿ ಹರಿಯುವ, ಬಿಸಿ ಮಿಸಳ್ ಬೇಡುವ ತಿಂಗಳು. ನಮ್ಮ ಲೆಕ್ಕದಲ್ಲಿ ಇದರ ಹಂಗಾಮು ಮಾರ್ಚ್‌ನಿಂದ ಮೇ.

ಒಂದು ಗೊಂದಲವನ್ನು ಮೊದಲೇ ಕಳೆಯೋಣ. ಮೊಬೈಲಿನಲ್ಲಿ ‘ಇಟಾಲಿಯನ್ ಪಾಸ್ತಾ ಸಲಾಡ್’ ಎಂದು ಹುಡುಕಿದರೆ ಬರುವ ವಿಡಿಯೊಗಳಲ್ಲಿ ಬಹಳಷ್ಟು ಅಮೆರಿಕದವು. ಅವರು ಸುರಿಯುವ ‘ಇಟಾಲಿಯನ್ ಡ್ರೆಸ್ಸಿಂಗ್’ ಬಾಟಲಿಯೂ ಅಮೆರಿಕದ್ದೇ. ಇಟಲಿಯ ಮನೆಯಲ್ಲಿ ಎಣ್ಣೆ, ಉಪ್ಪು, ಬೇಕಿದ್ದರೆ ಹುಳಿ, ಅಷ್ಟೇ. ಇನ್ನು ನಮ್ಮ ಕಡೆಯ ರಿಸೆಪ್ಶನ್ ಊಟದ ಸಲಾಡ್ ಕೌಂಟರಿನಲ್ಲಿ ಮಯೊನೀಸ್‌ನಲ್ಲಿ ಮುಳುಗಿಸಿ, ಡಬ್ಬಿಯ ಅನಾನಸ್ ಬೆರೆಸಿ ಬಡಿಸುವ ಬಿಳಿ ಮುದ್ದೆಗೂ ಇಟಲಿಗೂ ನಂಟಿಲ್ಲ. ಅದನ್ನು ಇಷ್ಟಪಡುವವರ ಜೊತೆ ನನಗೆ ಜಗಳವಿಲ್ಲ. ಏಪ್ರಿಲ್ ಮಧ್ಯಾಹ್ನ ಮಂಟಪದಲ್ಲಿ ಎರಡು ತಾಸು ನಿಂತ ಮಯೊನೀಸನ್ನು ಮಾತ್ರ ನಾನು ಮುಟ್ಟುವುದಿಲ್ಲ.

ತಣ್ಣನೆಯ ಊಟ ನಮಗೆ ಹೊಸದಲ್ಲ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಒಯ್ಯುವ ಸಜ್ಜೆ ರೊಟ್ಟಿ, ಕಡಬು, ಮೊಸರು ಬುತ್ತಿ, ಶೇಂಗಾ ಹಿಂಡಿ ಯಾವುದನ್ನೂ ಅಲ್ಲಿ ಯಾರೂ ಬಿಸಿ ಮಾಡುವುದಿಲ್ಲ. ಇಚಲಕರಂಜಿಯಲ್ಲಿ ವಿಠ್ಠಲರಾವ್ ದಾತಾರ್ 1904ರಲ್ಲಿ ಮೊದಲ ಪವರ್‌ಲೂಮ್ ಹಾಕಿದಂದಿನಿಂದ ಆ ಊರು ಮಗ್ಗವನ್ನೇ ನಂಬಿ ಬೆಳೆದಿದೆ. ಅಲ್ಲಿ ದುಡಿಯಲು ನಮ್ಮ ಕಡೆಯಿಂದ ಹೋದವರ ಡಬ್ಬಿಯಲ್ಲೂ ಕಟಕ ರೊಟ್ಟಿ, ಹಿಂಡಿ, ಒಂದು ಉಳ್ಳಾಗಡ್ಡಿ. ಮಗ್ಗದ ಸದ್ದಿನ ನಡುವೆ ಹತ್ತು ನಿಮಿಷದಲ್ಲಿ ಉಂಡು ಏಳುವವರಿಗೆ ಬಿಸಿಯ ಚಿಂತೆ ಎಲ್ಲಿಯದು? ಪಾಸ್ತಾ ಸಲಾಡ್ ಈ ಬುತ್ತಿಯ ಸಾಲಿನದು. ಹೋಟೆಲಿನ ತಿಂಡಿ ಎಂದು ನೋಡಿದರೆ ಅದರ ಹದ ಸಿಕ್ಕುವುದಿಲ್ಲ.

ಬಸಿಯುವುದನ್ನೂ ನಮಗೆ ಯಾರೂ ಕಲಿಸಬೇಕಿಲ್ಲ. ಮಾಳಿಗೆಯ ಮೇಲೆ ಒಣಗಿಸಿಟ್ಟ ಶಾವಿಗೆಯನ್ನು ಕುದಿಯುವ ನೀರಿಗೆ ಹಾಕಿ, ಬಸಿದು, ಬೆಲ್ಲ ತುಪ್ಪದ ಜೊತೆಗೋ ಮಾವಿನ ಶೀಕರಣೆಯ ಜೊತೆಗೋ ಉಣ್ಣುವ ಮನೆಗಳು ಗಡಹಿಂಗ್ಲಜ ತಾಲ್ಲೂಕಿನಲ್ಲಿ ಎಷ್ಟಿಲ್ಲ? ಮದುವೆಗೆ ಮುಂಚೆ ಹೆಂಗಸರು ಕೂತು ಬೆರಳ ತುದಿಯಲ್ಲಿ ಹೊಸೆಯುವ ಗವಲಿ, ಮರಾಠಿ ಮನೆಗಳ ಬೋಟವೆ, ಉಗುರಿನಿಂದ ಒತ್ತಿ ತೆಗೆದ ನಖುಲೆ, ಇವೆಲ್ಲ ಒಣಗಿಸಿಟ್ಟು ಬೇಕಾದಾಗ ಬೇಯಿಸುವ ಗೋಧಿಯ ತುಣುಕುಗಳೇ. ಒಂದು ತಟ್ಟೆ ನಖುಲೆಯನ್ನು ಇಟಲಿಯ ಅಜ್ಜಿಯ ಮುಂದಿಟ್ಟರೆ ಆಕೆ ಹಾಲು ಬೆಲ್ಲ ಕೇಳುವುದಿಲ್ಲ, ಟೊಮೆಟೊ ಕೇಳುತ್ತಾಳೆ.

ಹಾಗೆಂದು ಶಾವಿಗೆಯನ್ನೇ ತಣ್ಣಗೆ ಕಲಸಿದರೆ ಮುದ್ದೆಯಾಗುತ್ತದೆ. ಎಳೆ ತೀರ ಸಣ್ಣದು ಎಂಬುದು ಒಂದು ಕಾರಣ; ದೊಡ್ಡ ಕಾರಣ ಗೋಧಿಯದು. ಇಟಲಿಯಲ್ಲಿ ಒಣ ಪಾಸ್ತಾವನ್ನು ಡ್ಯೂರಂ ಗೋಧಿಯ ರವೆಯಿಂದಲೇ ಮಾಡಬೇಕೆಂದು 1967ರಲ್ಲಿ ಕಾನೂನೇ ಆಗಿದೆ. ಡ್ಯೂರಂ ಗಟ್ಟಿ ಕಾಳು. ಬೀಸಿದರೆ ಹಿಟ್ಟಾಗುವ ಮೊದಲು ರವೆಯಾಗಿ ಒಡೆಯುತ್ತದೆ, ಬಣ್ಣ ಹಳದಿ, ಪ್ರೊಟೀನ್ ಹೆಚ್ಚು. ಬೇಯುವಾಗ ಆ ಪ್ರೊಟೀನ್ ಪಿಷ್ಟವನ್ನು ಬಿಗಿಯಾಗಿ ಹಿಡಿದಿಡುವುದರಿಂದ ತುಂಡು ತನ್ನ ಆಕಾರ ಬಿಡುವುದಿಲ್ಲ. ಇದೇನು ಪರದೇಶದ ಬೆಳೆಯಲ್ಲ. ವಿಜಯಪುರ, ಧಾರವಾಡದ ಎರೆಹೊಲಗಳಲ್ಲಿ ಮಳೆಯನ್ನೇ ನಂಬಿ ಬೆಳೆಯುತ್ತಿದ್ದ ಬಿಜಗಾ ಗೋಧಿ ಡ್ಯೂರಂ ಜಾತಿಯದು. ಪುಣೆಯ ಆಘರ್ಕರ್ ಸಂಶೋಧನಾ ಸಂಸ್ಥೆ ಪಾಸ್ತಾಕ್ಕೆ ಒಗ್ಗುವ ಡ್ಯೂರಂ ತಳಿಗಳನ್ನು ಹೊರತಂದಿದೆ. ಆದ್ದರಿಂದ ಅಂಗಡಿಯಲ್ಲಿ ಪ್ಯಾಕೆಟ್ಟಿನ ಮುಂದಿನ ಚಿತ್ರ ನೋಡಬೇಡಿ, ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿ. ‘ಡ್ಯೂರಂ ವೀಟ್ ಸೆಮೊಲಿನಾ’ ಎಂದಿದ್ದರೆ ತನ್ನಿ. ಮೈದಾ ಎಂದಿದ್ದರೆ ಬಿಡಿ. ವೈಟ್ ಸಾಸಿನಲ್ಲಿ ಅದರ ಬಣ್ಣ ಬಯಲಾಗುವುದಿಲ್ಲ, ಸಲಾಡಿನಲ್ಲಿ ಆಗುತ್ತದೆ. ಉದ್ದನೆಯ ಸ್ಪಗೆಟ್ಟಿ ಇದಕ್ಕಲ್ಲ. ತಿರುಚಿದ ಫುಸಿಲ್ಲಿ ಎಲ್ಲಕ್ಕಿಂತ ಮೇಲು, ಅದರ ಸುರುಳಿಯಲ್ಲಿ ಎಣ್ಣೆ, ಎಲೆ, ಉಪ್ಪು ಸಿಕ್ಕಿಕೊಳ್ಳುತ್ತವೆ.

ನಾಲ್ಕು ಮಂದಿಗೆ 300 ಗ್ರಾಂ. ನೀರು 3 ಲೀಟರ್, ಉಪ್ಪು 30 ಗ್ರಾಂ, ಅಂದರೆ ದೊಡ್ಡ ಚಮಚಕ್ಕೆ ಹತ್ತಿರ ಹತ್ತಿರ ಎರಡು. ಹೌಹಾರಬೇಡಿ, ಬಹುಪಾಲು ಬಸಿದ ನೀರಿನ ಜೊತೆ ಹೋಗುತ್ತದೆ. ತಣ್ಣಗಾದ ಮೇಲೆ ನಾಲಿಗೆಗೆ ರುಚಿ ಮಂದವಾಗಿ ತಾಗುತ್ತದೆ. ಒಳಗೆ ಉಪ್ಪು ಹಿಡಿಯದ ಪಾಸ್ತಾಕ್ಕೆ ಮೇಲೆ ಎಷ್ಟು ಉದುರಿಸಿದರೂ ಸಪ್ಪೆಯೇ. ಪ್ಯಾಕೆಟ್ ಹೇಳುವ ನಿಮಿಷಗಳನ್ನು ಪೂರ್ತಿ ನಂಬಬೇಡಿ. ಕೊಲ್ಹಾಪುರ ಸಮುದ್ರಮಟ್ಟದಿಂದ 550 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿ ನೀರು 98 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಎಂಟನೆಯ ನಿಮಿಷಕ್ಕೆ ಒಂದು ತುಂಡು ತೆಗೆದು ಹಲ್ಲಿನಲ್ಲಿ ಕಡಿದು, ಕಡಿದ ಮುಖವನ್ನು ಬೆಳಕಿಗೆ ಹಿಡಿಯಿರಿ. ಸುತ್ತ ಹಳದಿ, ನಡುವೆ ಒಂದು ಬಿಳಿ ಚುಕ್ಕಿ ಕಾಣುತ್ತದೆ. ಅಲ್ಲಿಗೆ ಇನ್ನೂ ನೀರು ತಲುಪಿಲ್ಲ ಎಂದರ್ಥ. ಮತ್ತೆ ಒಂದು ನಿಮಿಷಕ್ಕೆ ನೋಡಿದರೆ ಚುಕ್ಕಿ ಸೂಜಿಮೊನೆಯಷ್ಟಾಗಿರುತ್ತದೆ. ಬಿಸಿ ಪಾಸ್ತಾಕ್ಕೆ ಇಳಿಸುವ ಹದ ಅದು.

ಸಲಾಡಿಗೆ ಯಾವಾಗ ಇಳಿಸಬೇಕು ಎಂಬಲ್ಲಿ ಬಲ್ಲವರಲ್ಲೇ ಒಮ್ಮತವಿಲ್ಲ. ಒಂದು ನಿಮಿಷ ಮೊದಲೇ ಎನ್ನುವವರಿದ್ದಾರೆ, ಒಂದು ನಿಮಿಷ ಹೆಚ್ಚಿಗೆ ಎನ್ನುವವರೂ ಇದ್ದಾರೆ. ಇಬ್ಬರದೂ ಸರಿ ಎಂಬುದು ನನ್ನ ಅಂದಾಜು, ಏಕೆಂದರೆ ಇಬ್ಬರು ಹೇಳುತ್ತಿರುವುದು ಬೇರೆ ಬೇರೆ ಊಟದ ಬಗ್ಗೆ. ಬೆಂದಾಗ ನೀರು ಹೀರಿ ಸಡಿಲಾದ ಪಿಷ್ಟ ತಣ್ಣಗಾಗುತ್ತ ಮತ್ತೆ ಒತ್ತಾಗಿ ಕೂಡಿಕೊಳ್ಳುತ್ತದೆ, ಫ್ರಿಜ್ಜಿನ ತಣುವಿನಲ್ಲಿ ಇನ್ನೂ ಬೇಗ. ರಾತ್ರಿಯ ಅನ್ನ ಬೆಳಿಗ್ಗೆ ಬಿರುಸಾಗುವುದು ಇದೇ ಕಾರಣಕ್ಕೆ. ಆದ್ದರಿಂದ ಫ್ರಿಜ್ಜಿಗೆ ತೋರಿಸದೆ ಒಂದೆರಡು ತಾಸಿನೊಳಗೆ ತಿನ್ನುವುದಾದರೆ ಸೂಜಿಮೊನೆ ಚುಕ್ಕಿ ಇರುವಾಗಲೇ ಬಸಿಯಿರಿ. ಫ್ರಿಜ್ಜಿಗೆ ಹೋಗುವುದಿದ್ದರೆ ಚುಕ್ಕಿ ಮಾಯವಾಗಿ ಒಂದು ನಿಮಿಷ ಕಳೆಯಲಿ, ತಣ್ಣಗಾದಾಗ ಹದಕ್ಕೆ ಬರುತ್ತದೆ. ತಿನ್ನುವ ಅರ್ಧ ತಾಸು ಮೊದಲು ಹೊರಗೆ ತೆಗೆದಿಡಿ. ಇಟಲಿಯ ಸಲಾಡ್ ತಣ್ಣಗಿರುತ್ತದೆ, ಹಲ್ಲು ಜುಮ್ಮೆನ್ನುವಂತಿರುವುದಿಲ್ಲ.

ಬಸಿದ ಮೇಲೆ ತಣ್ಣೀರು ಸುರಿಯಬೇಕೋ ಬೇಡವೋ? ಬಿಸಿ ಪಾಸ್ತಾಕ್ಕೆ ಬೇಡವೇ ಬೇಡ, ಸಾಸ್ ಹಿಡಿಯಲು ಮೇಲಿನ ಪಿಷ್ಟ ಬೇಕು. ಸಲಾಡಿಗೆ ಅದೇ ಪಿಷ್ಟ ಅಂಟಾಗಿ ಕಾಡುತ್ತದೆ, ತೊಳೆದರೆ ಲಾಭ. ಆದರೆ ‘ನಲ್ಲಿಯ ಕೆಳಗೆ ಹಿಡಿಯಿರಿ’ ಎಂದು ಇಚಲಕರಂಜಿಯವರಿಗೆ ಬರೆಯಲು ಕೈ ಏಳುವುದಿಲ್ಲ. 2012ರಲ್ಲಿ ಕೆಟ್ಟ ನೀರಿನಿಂದ ಆ ಊರಲ್ಲಿ ಕಾಮಣಿ ಹಬ್ಬಿ ಸಾವಿರಾರು ಮಂದಿ ಹಾಸಿಗೆ ಹಿಡಿದಿದ್ದರು. ಹೆಪಟೈಟಿಸ್ ಇ ವೈರಸ್ ಅದು. ಮತ್ತೆ ಒಲೆಗೆ ಇಡದ ಪದಾರ್ಥಕ್ಕೆ ತಾಗುವ ನೀರು ಕುಡಿಯುವ ನೀರೇ ಆಗಿರಬೇಕು. ಕುದಿಸಿ ಆರಿಸಿ ಹರವಿಯಲ್ಲಿಟ್ಟ ಎರಡು ಲೀಟರ್ ನೀರು ಸಾಕು. ಮೇ ತಿಂಗಳಲ್ಲಿ ಮಾಳಿಗೆಯ ಟಾಕಿಯ ನೀರಿಗಿಂತ ಅದು ತಣ್ಣಗೂ ಇರುತ್ತದೆ. ಅಷ್ಟು ನೀರು ಚೆಲ್ಲಲು ಮನಸ್ಸಿಲ್ಲದವರು ಅಗಲವಾದ ಪರಾತಕ್ಕೆ ಎರಡು ಚಮಚ ಎಣ್ಣೆ ಸವರಿ, ಪಾಸ್ತಾವನ್ನು ತೆಳ್ಳಗೆ ಹರಡಿ ಫ್ಯಾನಿನ ಕೆಳಗಿಡಲಿ. ತೊಳೆದವರು ಒಗೆದ ಹತ್ತಿ ಬಟ್ಟೆಯ ಮೇಲೆ ಹರಡಿ ನೀರು ಹೀರಿಸಲೇಬೇಕು. ಒದ್ದೆ ಪಾಸ್ತಾಕ್ಕೆ ಎಣ್ಣೆ ಹತ್ತದೆ ತಳಕ್ಕಿಳಿಯುತ್ತದೆ. ಹತ್ತಿ ಬಟ್ಟೆಗೆ ಇಚಲಕರಂಜಿಯಲ್ಲಿ ಬರವಿಲ್ಲವಷ್ಟೆ.

ಎಣ್ಣೆಯಲ್ಲಿ ಜಿಪುಣತನ ಸಲ್ಲದು, ಸಲಾಡಿನ ರುಚಿಯೆಲ್ಲ ಅಲ್ಲೇ ಇದೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ‘ಪೊಮೇಸ್’ ಆಲಿವ್ ಎಣ್ಣೆ, ಹಣ್ಣು ಹಿಂಡಿ ಉಳಿದ ಹಿಂಡಿಯಿಂದ ದ್ರಾವಕ ಹಾಕಿ ತೆಗೆದು ಶುದ್ಧ ಮಾಡಿದ್ದು. ಕರಿಯಲು ನಡೆದೀತು, ಹಸಿಯಾಗಿ ತಿನ್ನಲು ಅದರಲ್ಲಿ ವಾಸನೆಯೂ ಇಲ್ಲ ರುಚಿಯೂ ಇಲ್ಲ. ಬೇಕಾದ್ದು ‘ಎಕ್ಸ್‌ಟ್ರಾ ವರ್ಜಿನ್’, ಅದು ತುಟ್ಟಿ. ಗಾಣದ ಶೇಂಗಾ ಎಣ್ಣೆಯನ್ನು ಅರ್ಧಕ್ಕರ್ಧ ಬೆರೆಸಿದರೆ ಇಟಲಿಯವರು ಮೂಗು ಮುರಿದಾರು. ಹಿಂಡಿಗೆ ಹಸಿ ಎಣ್ಣೆ ಹಾಕಿಕೊಂಡು ಬೆಳೆದ ನನ್ನ ನಾಲಿಗೆಗೆ ಅದು ಒಪ್ಪಿದೆ. ವಾಸನೆಯಿಲ್ಲದ ರಿಫೈನ್ಡ್ ಎಣ್ಣೆ ಹಾಕುವುದಾದರೆ ಸಲಾಡಿನ ಗೋಜಿಗೇ ಹೋಗಬೇಡಿ.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ಟೊಮೆಟೊ ಹೆಚ್ಚಿ ಬೀಜ ತೆಗೆದು, ಉಪ್ಪು ಹಚ್ಚಿ ಕಾಲು ತಾಸು ಜಾಲರಿಯಲ್ಲಿಡಿ, ನೀರು ಬಿಡಲಿ. ಸವತೆಕಾಯಿಗೂ ಅದೇ ಉಪಚಾರ. ಡಬ್ಬು ಮೆಣಸಿನಕಾಯಿ ಸಣ್ಣಗೆ. ಉಳ್ಳಾಗಡ್ಡಿ ಹೆಚ್ಚಿ ನಿಂಬೆರಸದಲ್ಲಿ ನೆನೆಸಿದರೆ ಅದರ ಘಾಟು ಇಳಿಯುತ್ತದೆ. ಬೇಸಿಲ್ ಸಿಗಲಿಲ್ಲವೆಂದು ದೇವರ ತುಳಸಿ ಹಾಕಬೇಡಿ, ಅದರ ಖಾರ ಬೇರೆ. ಹಿತ್ತಲಲ್ಲಿ ಕಾಮಕಸ್ತೂರಿ ಇದ್ದರೆ ನೋಡಿ: ಮರಾಠಿಯವರ ಸಬ್ಜಾ, ಫಾಲೂದಾಕ್ಕೆ ಹಾಕುವ ಕರಿ ಬೀಜದ ಗಿಡ. ಬೇಸಿಲ್ ಮತ್ತು ಅದು ಒಂದೇ ಸಸ್ಯ. ನಮ್ಮದರ ಪರಿಮಳ ಸ್ವಲ್ಪ ಗಡಸು, ಹತ್ತು ಎಲೆಯ ಕಡೆ ಐದು ಸಾಕು. ಆಲಿವ್ ಬದಲಿಗೆ ಉಪ್ಪುನೀರಿನಲ್ಲಿ ಹಾಕಿಟ್ಟ ಕವಳಿಕಾಯಿ ನನ್ನ ಆಯ್ಕೆ, ಬೀಜ ತೆಗೆದು ಸೀಳಿ ಹಾಕಿ. ಗೋಡಂಬಿ ಆಜರಾ, ಚಂದಗಡದಿಂದಲೇ ಬರುತ್ತದೆ, ಹುರಿದು ಕೊನೆಗೆ ಉದುರಿಸಿ. ಪಿಜ್ಜಾ ಚೀಸ್ ಎಂದು ಮಾರುವ ಮೊಜರೆಲ್ಲಾ ತಣ್ಣಗೆ ತಿಂದರೆ ರಬ್ಬರು. ಇಟಲಿಯ ಕಂಪಾನಿಯಾದ ಹೆಸರಾಂತ ಮೊಜರೆಲ್ಲಾ ಎಮ್ಮೆ ಹಾಲಿನದು. ಕೊಲ್ಹಾಪುರಕ್ಕೆ ಎಮ್ಮೆ ಹಾಲಿನ ಕೊರತೆಯೇ? ಗಂಗಾವೇಸಿನ ದೂಧ್ ಕಟ್ಟೆಯಲ್ಲಿ ಎದುರಿಗೇ ಕರೆದು ಲೋಟಕ್ಕೆ ಕೊಡುವ ಊರು ಇದು. ಆ ಹಾಲು ಒಡೆಸಿ ಮಾಡಿದ ತಾಜಾ ಪನೀರನ್ನು ಉಪ್ಪುನೀರಿನಲ್ಲಿ ಒಂದು ತಾಸು ಬಿಟ್ಟರೆ ಕೆಲಸ ಆಯಿತು.

ಖಾರದ ವಿಷಯದಲ್ಲಿ ಒಂದು ಎಚ್ಚರಿಕೆ. ಕೊಲ್ಹಾಪುರದ ಮನೆಗಳಲ್ಲಿ ಚಟಣಿ ಎಂದರೆ ಕಾಂದಾ-ಲಸೂಣ ಮಸಾಲೆ, ಕೈ ತಾನಾಗಿ ಆ ಡಬ್ಬಿಗೆ ಹೋಗುತ್ತದೆ. ಬೇಡ. ಎಣ್ಣೆಯಲ್ಲಿ ಬೇಯದೆ ಅದು ಅರಳುವುದಿಲ್ಲ, ಸಲಾಡಿನಲ್ಲಿ ಮಣ್ಣುಮಣ್ಣಾಗಿ ಉಳಿಯುತ್ತದೆ. ಗಡಹಿಂಗ್ಲಜದ ಪೇಟೆಯಲ್ಲಿ ಹರಾಜಾಗುವ ಸಂಕೇಶ್ವರಿ ಜವಾರಿ ಮೆಣಸಿನಕಾಯಿ ಎರಡನ್ನು ಕೈಯಲ್ಲಿ ಮುರಿದು, ಎಣ್ಣೆಯನ್ನು ಬೆಚ್ಚಗೆ ಮಾಡಿ ಅದರಲ್ಲಿ ಬಿಡಿ. ಬಣ್ಣವೂ ಬರುತ್ತದೆ, ಪರಿಮಳವೂ. ದಕ್ಷಿಣ ಇಟಲಿಯವರೂ ತಮ್ಮ ಕೆಂಪು ಮೆಣಸಿನಕಾಯಿಯನ್ನು ಎಣ್ಣೆಯಲ್ಲಿ ಇಟ್ಟುಕೊಳ್ಳುತ್ತಾರೆ. ಕಲಸುವಾಗ ಎಣ್ಣೆ ಮೊದಲು, ತರಕಾರಿ ಆಮೇಲೆ, ನಿಂಬೆರಸ ಬಡಿಸುವ ಹೊತ್ತಿಗೆ. ಹುಳಿ ಮೊದಲೇ ಬಿದ್ದರೆ ಕಾಮಕಸ್ತೂರಿ ಕಪ್ಪಾಗುತ್ತದೆ.

ಇನ್ನು ಅಂಜಿಕೆಯ ಮಾತು, ಹೇಳದೆ ವಿಧಿಯಿಲ್ಲ. 2003ರಲ್ಲಿ ಬೆಲ್ಜಿಯಂನಲ್ಲಿ ಒಂದು ಮನೆಯವರು ಶುಕ್ರವಾರ ಪಾಸ್ತಾ ಸಲಾಡ್ ಮಾಡಿ ಶನಿವಾರ ಪಿಕ್ನಿಕ್ಕಿಗೆ ಒಯ್ದರು. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಸೋಮವಾರ ಮಕ್ಕಳಿಗೆ ಕೊಟ್ಟರು. ಐದು ಮಕ್ಕಳೂ ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದರು. ಏಳು ವರ್ಷದ ಹುಡುಗಿ ಉಳಿಯಲಿಲ್ಲ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ವಿಷ ಅದು. ಇದರ ಬೀಜಾಣು ಕುದಿನೀರಿಗೂ ಸಾಯುವುದಿಲ್ಲ, ಬೆಂದ ಅನ್ನ, ಪಾಸ್ತಾ ಬೆಚ್ಚಗೆ ಉಳಿದರೆ ಮೊಳೆಯುತ್ತದೆ. ಅದು ಬಿಟ್ಟ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆ ಮನೆಯ ಫ್ರಿಜ್ಜಿನೊಳಗಿನ ಉಷ್ಣತೆ 14 ಡಿಗ್ರಿ ಇತ್ತು ಎಂಬುದು ತನಿಖೆಯಲ್ಲಿ ಗೊತ್ತಾಯಿತು. ಇರಬೇಕಾದ್ದು 5 ಡಿಗ್ರಿಯೊಳಗೆ. ಬೇಸಿಗೆಯಲ್ಲಿ ಕರೆಂಟು ಹೋಗಿ ಬರುವ ನಮ್ಮ ಊರುಗಳಲ್ಲಿ ಫ್ರಿಜ್ಜಿನ ಬಾಗಿಲು ಮುಚ್ಚಿದೆ ಎಂಬ ಧೈರ್ಯ ಸಾಲದು. ಹೊರಗೆ ಎರಡು ತಾಸು, 32 ಡಿಗ್ರಿ ಮೀರಿದ ಬಿಸಿಲಿದ್ದರೆ ಒಂದೇ ತಾಸು. ಅಷ್ಟರೊಳಗೆ ಹೊಟ್ಟೆಗೆ ಹೋಗಬೇಕು ಇಲ್ಲವೇ ಫ್ರಿಜ್ಜಿಗೆ. ಡಬ್ಬಿಗೆ ಕಟ್ಟುವುದಿದ್ದರೆ ರಾತ್ರಿಯೇ ಫ್ರಿಜ್ಜಿನಲ್ಲಿ ಚೆನ್ನಾಗಿ ತಣಿಸಿ, ಜೊತೆಗೆ ಒಂದು ಐಸ್ ಪ್ಯಾಕ್ ಇಡಿ. ಕಟಕ ರೊಟ್ಟಿಯಲ್ಲಿ ನೀರಿನಂಶವಿಲ್ಲ, ಅದು ದಿನಗಟ್ಟಲೆ ಇದ್ದೀತು. ಪಾಸ್ತಾ ಇರುವುದಿಲ್ಲ.

ಇಷ್ಟು ಹೇಳಿ ಈಗ ನನ್ನ ನಿಜವಾದ ಶಿಫಾರಸಿಗೆ ಬರುತ್ತೇನೆ. ಇಟಲಿಯ ತಣ್ಣನೆಯ ಸಲಾಡುಗಳಲ್ಲಿ ನಮಗೆ ಹತ್ತಿರದ್ದು ಪಾಸ್ತಾದ್ದಲ್ಲ, ಫಾರ್ರೊ ಎಂಬ ಇಡೀ ಗೋಧಿಯದು. ಟಸ್ಕನಿಯ ಉತ್ತರದ ಗುಡ್ಡಗಳಲ್ಲಿ, ಗಾರ್ಫಾನ್ಯಾನಾ ಎಂಬ ಕಣಿವೆಯಲ್ಲಿ ಬೆಳೆಯುವ ಈ ಗೋಧಿಗೆ ಐರೋಪ್ಯ ಒಕ್ಕೂಟ 1996ರಲ್ಲಿ ನಮ್ಮ ಜಿಐನಂಥದ್ದೇ ಮನ್ನಣೆ ಕೊಟ್ಟಿತು. ಅದನ್ನು ಬೇಯಿಸಿ ಬಸಿದು, ಟೊಮೆಟೊ ಎಣ್ಣೆ ಹಾಕಿ ತಣ್ಣಗೆ ತಿನ್ನುತ್ತಾರೆ. ಆ ಫಾರ್ರೊ ಬೇರೇನೂ ಅಲ್ಲ; ಮರಾಠಿಯವರ ಖಪಲಿ, ನಮ್ಮ ಸದಕ ಅಥವಾ ಜವೆ ಗೋಧಿ. ಕೃಷ್ಣೆಯ ದಂಡೆಯುದ್ದಕ್ಕೂ, ಗಡಿಯ ಎರಡೂ ಬದಿಗೆ, ಜೈನರ ಮದುವೆಯಲ್ಲಿ, ಮಠದ ಜಾತ್ರೆಯಲ್ಲಿ ಕೊಪ್ಪರಿಗೆಗಟ್ಟಲೆ ಹುಗ್ಗಿಯಾಗುವ ಗೋಧಿ ಇದೇ. ಡ್ಯೂರಂಗೆ ಇದು ಅಜ್ಜಿಯ ವರಸೆ: ಎರಡಕ್ಕೂ 28 ಕ್ರೋಮೊಸೋಮ್, ಚಪಾತಿ ಗೋಧಿಗೆ 42. ತೆನೆ ಬಡಿದರೂ ಸಿಪ್ಪೆ ಬಿಡದ ಹಟಮಾರಿ ಕಾಳು, ಆದ್ದರಿಂದಲೇ ಕುಟ್ಟಿಸಿ ತರಬೇಕು. ತುಕ್ಕು ರೋಗಕ್ಕೆ ಜಗ್ಗದ ಗುಣವೂ ಇದೆ. 1920ರ ದಶಕದಲ್ಲಿ ಅಮೆರಿಕದ ಸ್ಟ್ಯಾಕ್‌ಮನ್ ಎಂಬ ವಿಜ್ಞಾನಿ ಕಾಂಡದ ತುಕ್ಕಿನ ಬಗೆಗಳನ್ನು ಗುರುತಿಸಲು ಆರಿಸಿಕೊಂಡ 12 ಗೋಧಿಗಳಲ್ಲಿ ಒಂದರ ಹೆಸರು ಖಪಲಿ ಎಂದೇ ಇದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಈ ಜಾತಿಯಲ್ಲಿ ಡಿಡಿಕೆ 1009, ಡಿಡಿಕೆ 1025ರಂಥ ಗಿಡ್ಡ ತಳಿಗಳನ್ನು ರೈತರಿಗೆ ಕೊಟ್ಟಿದೆ.

ಮಾಡುವುದು ಸುಲಭ. ಕುಟ್ಟಿದ ಖಪಲಿ ಎರಡು ಬಟ್ಟಲು, ರಾತ್ರಿ ನೆನೆಹಾಕಿ. ಬೆಳಿಗ್ಗೆ ಧಾರಾಳ ಉಪ್ಪುನೀರಿನಲ್ಲಿ, ಕುಕ್ಕರ್ ಬೇಡ, ತೆರೆದ ಪಾತ್ರೆಯಲ್ಲಿ ಅರ್ಧ ತಾಸಿನಿಂದ ಮುಕ್ಕಾಲು ತಾಸು ಕುದಿಸಿ. ಹುಗ್ಗಿಗೆ ಕಾಳು ಒಡೆದು ಕರಗಬೇಕು, ಇಲ್ಲಿ ಒಡೆಯಬಾರದು. ಒಂದು ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಸುಕಿ ನೋಡಿ: ಒಳಗೆ ಮೆತ್ತಗೆ, ತೊಗಲು ಬಿಗಿ. ಆಗ ಬಸಿದು ಹರಡಿ. ಮೇಲೆ ಹೇಳಿದ ಎಣ್ಣೆ, ತರಕಾರಿ, ಎಲೆ ಎಲ್ಲ ಇದಕ್ಕೂ ಹೊಂದುತ್ತದೆ. ಪಾಸ್ತಾ ಫ್ರಿಜ್ಜಿನಲ್ಲಿ ಬಿರುಸಾದಂತೆ ಇದು ಆಗುವುದಿಲ್ಲ, ಮರುದಿನ ಇನ್ನೂ ರುಚಿ. ಮೂರನೆಯ ದಿನಕ್ಕೆ ಇಡಬೇಡಿ. ಖಪಲಿಯಲ್ಲಿ ಗ್ಲುಟನ್ ಇಲ್ಲ ಎಂದು ಹೇಳಿ ಮಾರುವವರಿದ್ದಾರೆ, ಅದು ಸುಳ್ಳು. ಸೀಲಿಯಾಕ್ ಕಾಯಿಲೆಯವರು ಮುಟ್ಟಬಾರದು.

ಪಾಸ್ತಾವೋ ಖಪಲಿಯೋ ಎಂದರೆ ನನ್ನ ಮತ ಖಪಲಿಗೆ. ಕೊಳ್ಳಲು ಹೋದಾಗ ಹುಗ್ಗಿಗೆ ಬೇಕು ಎಂದೇ ಕೇಳಿ. ಇಟಾಲಿಯನ್ ಸಲಾಡಿಗೆ ಎಂದರೆ ಅಂಗಡಿಯವರು ಬೇರೆ ರೇಟು ಹೇಳಿಯಾರು.